ಜೇಕಿನ ಗಡ್ಡೆ

ಹರಿದಾಸ ಕವಿ ವಿಜಯದಾಸರು ಜನಿಸಿದ ಚೀಕಲಪರ್ವಿಯಂಥ ತುಂಗಭದ್ರಾತೀರದ ಊರುಗಳಲ್ಲಿ, ಗದ್ದೆಯ ಬದುವಿನ ತೇವವನ್ನು ಆಶ್ರಯಿಸಿ ಬೆಳೆಯುವ ಜೇಕು, ಒಕ್ಕಲಿಗನ ಶಾಪಕ್ಕೂ ವೈದ್ಯನ ಆದರಕ್ಕೂ ಏಕಕಾಲದಲ್ಲಿ ಪಾತ್ರವಾದ ಸಸ್ಯ. ಹುಲ್ಲೆಂದು ಭ್ರಮಿಸಿ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದೊಡನೆ ಮೂರು ಅಂಚುಗಳು ತಗುಲಿ, ಇದು ಬೇರೆಯೇ ಕುಲದ್ದೆಂಬುದು ವಿದಿತವಾಗುತ್ತದೆ. ಉತ್ತರಧ್ರುವದ ಸಮೀಪದ ಜೌಗುನೆಲಗಳಲ್ಲಿ ಅರಳೆಯಂಥ ಬಿಳಿಯ ಕುಚ್ಚು ಹೊತ್ತು ನಿಲ್ಲುವ ಎರಿಯೋಫೋರಮ್ ಇದರ ದಾಯಾದಿ. ಜೇಕನ್ನು ಕಿತ್ತರೆ ಮೇಲಿನ ಎಲೆ ಮಾತ್ರ ಕೈಗೆ ಬಂದು, ಬೇರಿನಂಥ ತೆಳುಕಾಂಡಗಳಿಂದ ಒಂದಕ್ಕೊಂದು ಹೆಣೆದುಕೊಂಡ ಗಡ್ಡೆಗಳು ನೆಲದೊಳಗೇ ಉಳಿದು ಮತ್ತೆ ಚಿಗುರುವುದರಿಂದ, ಕಳೆ ತೆಗೆಯುವವರ ಸಿಟ್ಟು ನ್ಯಾಯವಾದುದೇ. ಆದರೆ ಆ ಕರಿಯ ಗಡ್ಡೆಯನ್ನು ಜಜ್ಜಿದಾಗ ಹೊಮ್ಮುವ ಪರಿಮಳವನ್ನು ಆಘ್ರಾಣಿಸಿದವನಿಗೆ, ಆಯುರ್ವೇದವು ಇದನ್ನು ಲಾವಂಚ, ಶ್ರೀಗಂಧ, ಶುಂಠಿಗಳೊಡನೆ ಜ್ವರಶಾಮಕವಾದ ಷಡಂಗಪಾನೀಯದಲ್ಲಿ ಸೇರಿಸಿದ್ದು ಅಚ್ಚರಿಯೆನಿಸದು.