ಹಿಕ್ಕೆ ನೋಡಲು ಬಾರದವನಿಗೆ ಕಾಡು ಯಾತಕ್ಕೆ?

ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಮಂಗಗಳಿಗೆ ಬಿಸ್ಕತ್ತು ಎಸೆದು, ಸೆಲ್ಫಿ ತೆಗೆದುಕೊಂಡು, “ಈ ಕಡೆ ಪ್ರಾಣಿಗೀಣಿ ಏನೂ ಇಲ್ಲ ಬಿಡ್ರಿ, ಕಬಿನಿಗೇ ಹೋಗಬೇಕು” ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಬಿನಿಯಲ್ಲಿ ಇವರು ನೋಡುವುದಾದರೂ ಏನು? ಜೀಪುಗಳು ಸುತ್ತುಗಟ್ಟಿದ ಹುಲಿಯ ಬೆನ್ನು, ಅದಕ್ಕಿಂತ ಹೆಚ್ಚಾಗಿ ಮುಂದಿನ ಜೀಪಿನವನ ಕ್ಯಾಮೆರಾ. ಮಲೆನಾಡಿನ ಕಥೆ ಓದಿ ಬೆಳೆದ ಇನ್ನೊಂದು ಪಂಗಡಕ್ಕೆ ಜಿಗಣೆ ಕಚ್ಚದಿದ್ದರೆ ಅದು ಕಾಡೇ ಅಲ್ಲ. ಬಾಗಲಕೋಟೆ ಜಿಲ್ಲೆಯ ಕುರುಚಲು, ಕಲ್ಲುಗುಡ್ಡ, ಹಳ್ಳಗಳಲ್ಲಿ ತೋಳ, ಕತ್ತೆಕಿರುಬ, ನರಿ, ಮುಳ್ಳುಹಂದಿ ಎಲ್ಲವೂ ಇವೆ. ಆದರೆ ಹೆಚ್ಚಿನವು ತಿರುಗುವುದು ಕತ್ತಲಾದ ಮೇಲೆ. ಹಗಲಿಗೆ ಉಳಿಯುವುದು ಅವುಗಳ ಹೆಜ್ಜೆ, ಉದುರಿದ ಮುಳ್ಳು, ಗರಿ ಮತ್ತು ಹಿಕ್ಕೆ.

ಯಾವ ಬೈನಾಕ್ಯುಲರ್ ಕೊಳ್ಳಬೇಕು, ಯಾವ ಬಣ್ಣದ ಅಂಗಿ ತೊಡಬೇಕು ಎಂಬುದನ್ನು ಅಂಗಡಿಯವರು ಹೇಳುತ್ತಾರೆ. ನಾನು ಹಿಕ್ಕೆಯ ವಿಷಯ ಹೇಳುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಇಲ್ಲಿಗೇ ನಿಲ್ಲಿಸಬಹುದು.

ನನಗೆ ಈ ಹುಚ್ಚು ಹಿಡಿಸಿದವರು ಹುನಗುಂದ ಕಡೆಯ ಒಬ್ಬ ಕುರಿಗಾರ ಕಾಕಾ. ಕಾಲೇಜಿನ ದಿನಗಳಲ್ಲಿ ತೋಳ ನೋಡುವ ಆಸೆಯಿಂದ ಅವರ ಹಟ್ಟಿಯ ಹತ್ತಿರ ಬೆಳಗಿನಿಂದ ದಿಬ್ಬದ ಮೇಲೆ ಕುಳಿತಿದ್ದೆ. ಕಾಕಾ ಕಂಬಳಿ ಹೆಗಲಿಗೇರಿಸಿಕೊಂಡು ಬಂದು, “ತಮ್ಮಾ, ನೀ ಬರೂದ್ರೊಳಗ ಅದು ಬಂದು ಹೋಗೇತಿ. ಅಲ್ಲೇನ್ ನೋಡ್ತಿ, ಇಲ್ಲಿ ನೋಡು” ಎಂದು ಬಂಡಿದಾರಿಯ ನಟ್ಟನಡುವೆ ಬಿದ್ದಿದ್ದನ್ನು ಕೋಲಿನಿಂದ ಬಿಡಿಸಿದರು. ಕುರಿಯ ಉಣ್ಣೆ, ಮೊಲದ ಕೂದಲು, ಎಲುಬಿನ ಚೂರು. ತೋಳ ಯಾವ ದಿಕ್ಕಿನಿಂದ ಬಂತು, ಎರಡು ದಿನದ ಹಿಂದೆ ಏನು ತಿಂದಿತ್ತು, ತಮ್ಮ ಕುರಿಯೋ ಬೇರೆಯವರದೋ ಎಂಬುದನ್ನೆಲ್ಲ ಎಲೆ-ಅಡಿಕೆ ಜಗಿಯುತ್ತಲೇ ಹೇಳಿ ಮುಗಿಸಿದರು. ಆ ದಿನ ತೋಳ ಕಾಣಲಿಲ್ಲ. ಕಂಡಿದ್ದರೆ ಇಷ್ಟು ತಿಳಿಯುತ್ತಿರಲಿಲ್ಲ.

ತೋಳ ಪೊದೆಯ ಮರೆ ಹುಡುಕುವುದಿಲ್ಲ. ದಾರಿಯ ನಡುವೆ, ಎರಡು ದಾರಿ ಕೂಡುವಲ್ಲಿ, ಎತ್ತರದ ಕಲ್ಲಿನ ಮೇಲೆ, ನಾಲ್ಕು ಜನಕ್ಕೆ ಕಾಣುವಂತೆಯೇ ಹಾಕುತ್ತದೆ. ಅದು ಗಡಿ ಸಾರುವ ರೀತಿ. ಕೂದಲು ತುಂಬಿ ಹೊಸೆದಂತಿದ್ದು ತುದಿ ಚೂಪಾಗಿದ್ದರೆ ತೋಳವೆಂದು ಅನುಮಾನಿಸಿ. ಊರ ನಾಯಿಯದರಲ್ಲಿ ರೊಟ್ಟಿ, ಅನ್ನ, ಇತ್ತೀಚೆಗೆ ಪ್ಲಾಸ್ಟಿಕ್ಕೂ ಸಿಗುತ್ತದೆ. ಕತ್ತೆಕಿರುಬ ಎಲುಬನ್ನೇ ಅರೆದು ತಿನ್ನುವುದರಿಂದ ಅದರದು ಒಣಗಿದಾಗ ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಮುಳ್ಳಿನ ಪೊದೆಯ ಅಂಚಿನಲ್ಲಿ ಬಿಳಿ ಉಂಡೆಗಳ ರಾಶಿ ಕಂಡರೆ ನಿಮ್ಮ ದಿನ ಸಾರ್ಥಕ. ನರಿಗಂತೂ ಋತುಮಾನ ಚೆನ್ನಾಗಿ ಗೊತ್ತು. ಬಾರಿಹಣ್ಣಿನ ಕಾಲದಲ್ಲಿ ಅದರ ಹಿಕ್ಕೆಯೆಲ್ಲ ಬಾರಿಬೀಜ. ಚಳಿಗಾಲದಲ್ಲಿ ಗುಡ್ಡಕ್ಕೆ ಬಾರಿ ಬಿತ್ತುವವರಲ್ಲಿ ನರಿಯೂ ಒಬ್ಬ ರೈತ.

ಚಿಂಕಾರ ಎಂಬ ಸಣ್ಣ ಹುಲ್ಲೆಯ ಮಾತೇ ಬೇರೆ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಸುಮಾರು 96 ಚದರ ಕಿಲೋಮೀಟರಿನ ಯಡಹಳ್ಳಿ ಚಿಂಕಾರ ಧಾಮ ಘೋಷಣೆಯಾದದ್ದು 2016ರಲ್ಲಿ. ಚಿಂಕಾರ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಕುರಿ ನಡೆನಡೆಯುತ್ತಲೇ ಚೆಲ್ಲುತ್ತದೆ. ಹಾಗಾಗಿ ಬಯಲಲ್ಲಿ ಹಳೆಯದರ ಮೇಲೆ ಹೊಸದು ಬಿದ್ದ ಸಣ್ಣ ಕಪ್ಪು ಕಾಳುಗಳ ಗುಡ್ಡೆ ಕಂಡರೆ ಅಲ್ಲೇ ನಿಲ್ಲಿ, ಹತ್ತಿರದ ಮಣ್ಣು ನೋಡಿ. ಕಿರಿದಾದ, ಮುಂದಕ್ಕೆ ಚೂಪಾದ ಗೊರಸು ಚಿಂಕಾರದ್ದು, ಕುರಿಯದು ಮೊಂಡು. ನೀರಿಲ್ಲದೆ ಬಹಳ ದಿನ ತಳ್ಳಬಲ್ಲ ಪ್ರಾಣಿಯಾದ್ದರಿಂದ ಬೇಸಿಗೆಯಲ್ಲಿ ಹೊಂಡದ ಪಕ್ಕ ಅದಕ್ಕಾಗಿ ಕಾದು ಕೂರುವುದು ದಡ್ಡತನ. ಧಾಮದೊಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಕೇಳಿ. ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಮೂಗಿಗೆ ಹಿಡಿಯಬೇಡಿ. ಲಾಡಿಹುಳದ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಕೋಲು ಇರುವುದೇ ಅದಕ್ಕೆ.

ಇದಕ್ಕೆಲ್ಲ ಒಳ್ಳೆಯ ಕಾಲ ದೀಪಾವಳಿಯಿಂದ ಯುಗಾದಿಯವರೆಗೆ. ಮಳೆಗಾಲದಲ್ಲಿ ಹಿಕ್ಕೆ ಉಳಿಯುವುದಿಲ್ಲ. ಸಗಣಿಹುಳಗಳು ಒಂದೇ ದಿನದಲ್ಲಿ ಉರುಳಿಸಿಕೊಂಡು ಹೋಗುತ್ತವೆ. ಆಗ ಹೆಜ್ಜೆ ನೋಡಬೇಕು. ಮಿರಗದ ಮಳೆಗೆ ಕೆಂಪು ಮಖಮಲ್ಲಿನ ಹುಳ ಏಳುತ್ತದೆ, ಮಸಾರಿ ನೆಲ ಮೆತ್ತಗಾಗುತ್ತದೆ. ಎರಿ ಹೊಲಕ್ಕೆ ಮಾತ್ರ ಇಳಿಯಬೇಡಿ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಇಳಕಲ್ಲಿನ ಗ್ರಾನೈಟ್ ಗುಡ್ಡಗಳ ಸಂದಿಯಲ್ಲಿ ಮುಳ್ಳುಹಂದಿಯ ಮುಳ್ಳು ಹುಡುಕಬಹುದು, ಕ್ವಾರಿಯ ಸದ್ದು ತಡೆದುಕೊಳ್ಳುವ ಶಕ್ತಿಯಿದ್ದರೆ.

ಬಾದಾಮಿಗೆ ಹೋದವರು ಗುಹೆ ನೋಡಿದ ಮೇಲೆ ಸಿಡಿಲಫಡಿಯ ಕಡೆ ನಡೆಯಿರಿ. ಅಲ್ಲಿ ಆದಿಮಾನವರ ಬಣ್ಣದ ಚಿತ್ರಗಳಿವೆ, ಎಲ್ಲರೂ ತಲೆಯೆತ್ತಿ ಅವನ್ನೇ ನೋಡುತ್ತಾರೆ. ನೀವು ದಾರಿಯುದ್ದಕ್ಕೂ ಕೆಂಪು ಮರಳುಗಲ್ಲಿನ ಬಂಡೆ ನೋಡಿಕೊಂಡು ಹೋಗಿ. ಬಂಡೆಯ ಮೇಲಿಂದ ಬಿಳಿ ಗೆರೆ ಇಳಿದಿದ್ದರೆ ಮೇಲೆ ಯಾವುದೋ ಹಕ್ಕಿ ಕೂರುತ್ತದೆ ಎಂದರ್ಥ. ಕೆಳಗೆ ಬೂದುಬಣ್ಣದ ಉಂಡೆ ಬಿದ್ದಿದ್ದರೆ ಅದು ಕೊಂಬಿನ ಗೂಬೆಯದಿರಬಹುದು. ಅದು ಹಿಕ್ಕೆಯಲ್ಲ; ಜೀರ್ಣವಾಗದ್ದನ್ನು ಗೂಬೆ ಕೊಕ್ಕಿನಿಂದ ಕಾರಿದ್ದು. ಒಮ್ಮೆ ಇಂಥ ಉಂಡೆಯೊಂದನ್ನು ಬಿಡಿಸಿದಾಗ ಇಲಿಯ ತಲೆಬುರುಡೆ ಹಲ್ಲುಸಮೇತ ಸಿಕ್ಕಿತ್ತು. ಜೊತೆಗಿದ್ದ ಗೆಳೆಯರು ಊಟ ಬಿಟ್ಟರು. ನಾನು ಬಿಡಲಿಲ್ಲ.

ನೀರಿನ ಹಕ್ಕಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅವಕ್ಕೆ ಅಭಿಮಾನಿಗಳು ಬೇಕಾದಷ್ಟಿದ್ದಾರೆ. ಆಲಮಟ್ಟಿ ಹಿನ್ನೀರು ಇಳಿಯತೊಡಗಿದಂತೆ ಬೀಳಗಿ, ಹೆರಕಲ್ ಕಡೆ ಕೆಸರು ಬಯಲಾಗುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ದಡದ ಹೊಲಗಳಲ್ಲಿ ಮೇಯುತ್ತವೆ. ಬೆಳಗ್ಗೆ ಅಲ್ಲಿ ಹಸಿರು ಹಿಕ್ಕೆ ಕಾಣುತ್ತದೆ. ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಆಳವಿಲ್ಲದ ನೀರಿನಲ್ಲಿ ನಿಂತಲ್ಲೇ ಕಾಲು ತುಳಿಯುತ್ತ ಸುತ್ತಿ ಕೆಸರು ಕದಡಿ ತಿನ್ನುತ್ತವೆ. ನೀರು ಇನ್ನಷ್ಟು ಹಿಂದೆ ಸರಿದ ಮೇಲೆ ಆ ದುಂಡನೆಯ ಗುಳಿಗಳು ಕೆಸರಿನಲ್ಲಿ ಹಾಗೇ ಉಳಿದಿರುತ್ತವೆ. ಕ್ಯಾಮೆರಾದವರು ಅವುಗಳ ಮೇಲೆಯೇ ತುಳಿದುಕೊಂಡು ಹಕ್ಕಿಯ ಹಿಂದೆ ಓಡುತ್ತಾರೆ.

ಅವರಿಗೆ ಒಂದು ಮಾತು. ಗುಲಾಬಿ ರೆಕ್ಕೆ ಬಿಚ್ಚಿದ ಚಿತ್ರ ಬೇಕೆಂದು ಡ್ರೋನ್ ಹಾರಿಸಿ, ಕಲ್ಲೆಸೆದು ಹಿಂಡನ್ನು ಎಬ್ಬಿಸಬೇಡಿ. ದೂರದಿಂದ ಹಾರಿ ಬಂದ ಹಕ್ಕಿ ಇಲ್ಲಿಗೆ ಬಂದಿರುವುದು ಹೊಟ್ಟೆ ತುಂಬಿಸಿಕೊಳ್ಳಲು. ಪ್ರತಿಸಲ ಎದ್ದಾಗಲೂ ತಿಂದದ್ದು ಕರಗುತ್ತದೆ. ದಡದ ಮೇಲೆ ಸುಮ್ಮನೆ ಕುಳಿತುಕೊಳ್ಳಿ. ಅದೂ ಆಗದಿದ್ದರೆ ದಯವಿಟ್ಟು ಕಬಿನಿಗೇ ಹೋಗಿ.