‘ನಮ್ದು’ ಅಂದ್ರೆ ಯಾರ್ದು?

2025ರ ಜೂನ್ 3ರ ರಾತ್ರಿ ನಾನೂ ಕಿರುಚಿದ್ದೆ. ಅಹಮದಾಬಾದಿನಲ್ಲಿ ಆರ್‌ಸಿಬಿ ಆರು ರನ್ನಿಂದ ಗೆದ್ದಾಗ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳೆಲ್ಲ ಒಟ್ಟಿಗೆ ಕೂಗಿದವು. ಊರಿಂದ ಅಪ್ಪ ಫೋನ್ ಮಾಡಿ, ‘ಏನೋ, ಕಡೆಗೂ ಗೆದ್ರಂತಲ್ಲ ನಿಮ್ಮೋರು?’ ಅಂದರು. ‘ಕಪ್ ನಮ್ದು’ ಅಂತ ಸ್ಟೇಟಸ್ ಹಾಕಿ ಮಲಗಿದೆ. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವತ್ತಿನಿಂದ ಆ ‘ನಮ್ದು’ ಅನ್ನೋ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಆಫೀಸಿನ ಕಾಫಿ ಟೇಬಲ್ಲಿನಲ್ಲಿ ಕೇಳಿ ನೋಡಿ. ಬೆಂಗಳೂರಿನಲ್ಲಿ ವೃತ್ತಿಪರ ಆಟ ಶುರುವಾಗಿದ್ದೇ 2008ರಲ್ಲಿ ಅಂತಾರೆ. ಮದ್ಯದ ಕಂಪನಿಯ ಮಾಲೀಕರು 11.16 ಕೋಟಿ ಡಾಲರ್‌ಗೆ ತಂಡ ಕೊಂಡು, ತಮ್ಮ ವಿಸ್ಕಿಯ ಹೆಸರನ್ನೇ ಇಟ್ಟರು. ಏಪ್ರಿಲ್ 18ರ ಮೊದಲ ಮ್ಯಾಚಲ್ಲೇ ಮೆಕಲಮ್ 158 ಹೊಡೆದ, ನಮ್ಮವರೆಲ್ಲ ಸೇರಿ 82. ಆಮೇಲೆ 2013ರಲ್ಲಿ ಬೆಂಗಳೂರು ಎಫ್‌ಸಿ, 2014ರಲ್ಲಿ ಬೆಂಗಳೂರು ಬುಲ್ಸ್. ಚರಿತ್ರೆ ಮುಗೀತು!

ನನ್ನ ತಕರಾರು ಇರೋದು ಇಲ್ಲೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. 1973–74ರಲ್ಲಿ ಬಾಂಬೆಯ ಹದಿನೈದು ವರ್ಷದ ರಣಜಿ ದರ್ಬಾರು ಮುರಿದ ಕರ್ನಾಟಕ ತಂಡದ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರ. ಆಗ ಆಟಗಾರನ ಮನೆಯ ಒಲೆ ಉರಿಯುತ್ತಿದ್ದದ್ದು ಬ್ಯಾಂಕು, ಕಾರ್ಖಾನೆಗಳ ಸಂಬಳದಿಂದ. ಎಚ್‌ಎಎಲ್, ಐಟಿಐನಂಥ ಕಡೆ ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತಿತ್ತು. ಮೊಣಕಾಲು ಕೈಕೊಟ್ಟರೂ ಕುರ್ಚಿ, ಪಿಎಫ್ಫು ಕೈಬಿಡುತ್ತಿರಲಿಲ್ಲ. ಇದನ್ನು ವೃತ್ತಿ ಅನ್ನದೆ ಇನ್ನೇನನ್ನೋಣ?

ಹಾಗಂತ ಹಳೆಯದೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ಎಚ್‌ಎಎಲ್ ತಂಡ 2010ರಲ್ಲಿ ಐ-ಲೀಗಿಗೆ ಏರಿದಾಗ ನಾನು ಇದೇ ಊರಲ್ಲಿದ್ದೆ, ಒಂದೇ ಒಂದು ಮ್ಯಾಚಿಗೂ ಹೋಗಲಿಲ್ಲ. ಎರಡು ಸೀಸನ್ ಆಡಿ ಅವರು ಕೆಳಗಿಳಿದರು. ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, ನನ್ನಂಥವರನ್ನೂ ಗ್ಯಾಲರಿಗೆ ಎಳೆದು ತಂದಿತು. ಕಬಡ್ಡಿಯದ್ದಂತೂ ಇನ್ನೂ ದೊಡ್ಡ ಉಪಕಾರ. ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ಮಣ್ಣಲ್ಲಿ ಹೊರಳಾಡಿ ಬಂದರೆ, ‘ಕಬಡ್ಡಿ ಅನ್ನ ಹಾಕುತ್ತೇನೋ?’ ಅಂತ ಅಪ್ಪ ಬೈಯೋರು. ಈಗ ಹಾಕುತ್ತೆ ಅಂತ ಟೀವಿಯೇ ತೋರಿಸುತ್ತೆ.

ಆದರೆ ಎಷ್ಟು ದಿನ ಹಾಕುತ್ತೆ? 2025ರ ಆಗಸ್ಟಿನಲ್ಲಿ ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಅನ್ನೋ ಅನುಮಾನ ಬಂದ ಕೂಡಲೇ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿಯಿತು. ದ್ರಾವಿಡ್ ಥರದ ಇಂದಿರಾನಗರದ ಮನುಷ್ಯನೇ 2011ರ ಹರಾಜಿನಲ್ಲಿ ರಾಜಸ್ಥಾನದ ಪಾಲಾದರು. ಪ್ರಾಜೆಕ್ಟ್ ಮುಗಿದ ಮೇಲೆ ‘ಬೆಂಚ್’ ಮೇಲೆ ಕೂತು ಎಚ್‌ಆರ್ ಮೇಲ್ ಬರುತ್ತೇನೋ ಅಂತ ಕಾದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಕಪ್ ಗೆದ್ದ ಹನ್ನೊಂದರಲ್ಲಿ ಕರ್ನಾಟಕದವರು ಮಯಾಂಕ್ ಅಗರ್‌ವಾಲ್ ಒಬ್ಬರೇ. ಅದು ನನ್ನ ದೂರಲ್ಲ. ಕಾರ್ಖಾನೆಗೂ ನಾನಾ ಊರಿನವರು ಬಂದು ಇಲ್ಲಿಯವರಾದರು. ನಾನೂ ಬಸ್ ಹತ್ತಿ ಬಂದವನೇ. ಹದಿನೆಂಟು ವರ್ಷ ಒಂದೇ ತಂಡದಲ್ಲಿ ನಿಂತ ಕೊಹ್ಲಿ ನಮ್ಮವನಲ್ಲ ಅಂದರೆ ಯಾರು ಒಪ್ತಾರೆ? ‘ನಮ್ಮವರು’ ಆಗೋದು ಹುಟ್ಟಿನಿಂದಲ್ಲ, ಜೊತೆಗೆ ನಿಲ್ಲೋದರಿಂದ.

ಜೂನ್ 4ರಂದು ನಿಂತಿದ್ದು ಯಾರು? ಕಪ್ ಬಂದಾಗ ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಸರ್ಕಾರ ಎಲ್ಲರೂ ‘ನಮ್ದು’ ಅಂದರು. ಹೆಣ ಬಿದ್ದ ಮೇಲೆ ತಪ್ಪು ಯಾರದು ಅಂತ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು. ಮಾರ್ಕೆಟಿಂಗಿನವರ ‘ನಮ್ದು’ವಿಗೆ ಗೆಲುವು ಮಾತ್ರ ಸೇರುತ್ತೆ, ಹೊಣೆ ಸೇರಲ್ಲ. ಎಲ್ಲ ಕೊರತೆಯ ನಡುವೆಯೂ ಕಾರ್ಖಾನೆ ತಂಡಕ್ಕೆ ಒಂದು ಹಾಜರಿ ಪುಸ್ತಕ ಇತ್ತು. ಆಟಗಾರ ಸೋತರೂ ಅದರಲ್ಲಿ ಅವನ ಹೆಸರಿರುತ್ತಿತ್ತು. ಈ ಊರಿನ ಆಟದ ಚರಿತ್ರೆ ಬರೆಯೋರು ಟ್ರೋಫಿಯ ಕಪಾಟು ಬಿಟ್ಟು ಆ ಪುಸ್ತಕದಿಂದ ಶುರು ಮಾಡಲಿ.

ಮುಂದಿನ ಸೀಸನ್ನೂ ನಾನು ಮ್ಯಾಚ್ ನೋಡ್ತೀನಿ, ಕಿರುಚ್ತೀನಿ ಕೂಡ. ಆದರೆ ಅಪ್ಪ ‘ನಿಮ್ಮೋರು’ ಅಂದಾಗ ನನಗೆ ನೆನಪಾಗಬೇಕಾದವರು ಬರೀ ಮೈದಾನದ ಹನ್ನೊಂದು ಜನ ಅಲ್ಲ. ಗೇಟಿನ ಹೊರಗೆ ಬಿದ್ದ ಹನ್ನೊಂದು ಜನವೂ ನಮ್ಮೋರೇ.