ಮಕ್ಕಳ ವಯಸ್ಸಿನಿಂದಲೇ ಲೆಕ್ಕ ಶುರು

ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ರೈಲು ಟಿಕೆಟ್ ಹುಡುಕಲು ಕೂತ ಕುಟುಂಬ ನೋಡಬೇಕಾದ ಊರುಗಳ ಪಟ್ಟಿಗಿಂತ ಮೊದಲು ಮಕ್ಕಳ ಹುಟ್ಟಿದ ತಾರೀಖು ಬರೆದಿಟ್ಟುಕೊಳ್ಳಬೇಕು. ನಮ್ಮ ರೈಲುಗಳಲ್ಲಿ ಹನ್ನೆರಡು ತುಂಬಿದರೆ ಪೂರ್ತಿ ದರ. ಜಪಾನಿನಲ್ಲಿ 6ರಿಂದ 11ರವರೆಗೆ ಅರ್ಧ ದರ. ಸ್ವಿಸ್ ರೈಲುಗಳಲ್ಲಿ ಆರು ತುಂಬದವರಿಗೆ ಟಿಕೆಟ್ ಬೇಕಿಲ್ಲ. ಸ್ವಿಸ್ ಫ್ಯಾಮಿಲಿ ಕಾರ್ಡ್ ಕೈಯಲ್ಲಿದ್ದರೆ ಅಪ್ಪ ಅಥವಾ ಅಮ್ಮನ ಜೊತೆ ಹೊರಟ ಹದಿನೈದರ ಮಕ್ಕಳಿಗೂ ಟಿಕೆಟ್ ಇಲ್ಲ. ಆ ಕಾರ್ಡ್ ಕೂಡ ಉಚಿತ.

ಈ ಸವಲತ್ತು, ನಿಗದಿತ ದಿನಗಳಲ್ಲಿ ಮತ್ತೆ ಮತ್ತೆ ಟಿಕೆಟ್ ಕೊಳ್ಳದೆ ಓಡಾಡಲು ಬಿಡುವ ದುಬಾರಿ ಸ್ವಿಸ್ ಟ್ರಾವೆಲ್ ಪಾಸ್ ಕೊಂಡವರಿಗೆ ಮಾತ್ರ ಎಂದು ಎಷ್ಟೋ ಮಂದಿ ನಂಬಿಕೊಂಡಿರುತ್ತಾರೆ. ಆದರೆ ಹಾಫ್ ಫೇರ್ ಕಾರ್ಡ್ ಕೊಂಡ ಪೋಷಕರಿಗೂ ಅದು ಸಿಗುತ್ತದೆ. ಕುಟುಂಬದ ಖರ್ಚಿನ ಲೆಕ್ಕ ತಿರುಗುವುದು ಇಲ್ಲೇ.

ಗಂಡ, ಹೆಂಡತಿ, ಒಂಬತ್ತು ಮತ್ತು ಹದಿಮೂರರ ಇಬ್ಬರು ಮಕ್ಕಳು. ಆರು ದಿನಗಳ ಓಡಾಟ ಎಂದುಕೊಳ್ಳೋಣ. 2025ರ ದರದಲ್ಲಿ ಎರಡನೇ ದರ್ಜೆಯ ಆರು ದಿನದ ಪಾಸ್ ಒಬ್ಬರಿಗೆ 379 ಫ್ರಾಂಕ್, ಇಬ್ಬರಿಗೆ 758. ಒಂದು ತಿಂಗಳು ಟಿಕೆಟ್ ದರವನ್ನು ಅರ್ಧಕ್ಕಿಳಿಸುವ ಹಾಫ್ ಫೇರ್ ಕಾರ್ಡ್ ಒಬ್ಬರಿಗೆ 120, ಇಬ್ಬರಿಗೆ 240. ನಡುವಿನ ವ್ಯತ್ಯಾಸ 518 ಫ್ರಾಂಕ್. ಅಂದರೆ ಆ ಆರು ದಿನಗಳಲ್ಲಿ ದೊಡ್ಡವರೊಬ್ಬರ ಪ್ರಯಾಣದ ಪೂರ್ಣ ದರ 518 ಫ್ರಾಂಕ್ ದಾಟದಿದ್ದರೆ ಹಾಫ್ ಫೇರ್ ಕಾರ್ಡೇ ಅಗ್ಗ, ದಾಟಿದರೆ ಪಾಸ್. ದರಗಳು ಆಗಾಗ ಬದಲಾಗುವುದರಿಂದ ಹೊರಡುವ ವರ್ಷದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಬೇಕು.

ಎಲ್ಲ ಬೆಟ್ಟಗಳಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. 1871ರಲ್ಲಿ ಶುರುವಾದ, ಯುರೋಪಿನ ಮೊದಲ ಹಲ್ಲುಹಳಿ ಬೆಟ್ಟದ ರೈಲು ಎನಿಸಿಕೊಂಡ ರಿಗಿಯ ಪ್ರಯಾಣ ಪಾಸಿನಲ್ಲೇ ಸೇರಿದೆ. ಲೂಸರ್ನ್ ಸರೋವರದ ದೋಣಿಗಳೂ ನೂರಾರು ಮ್ಯೂಸಿಯಮ್‌ಗಳೂ ಸೇರಿವೆ. 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್ ನಿಲ್ದಾಣದ ಕಥೆ ಬೇರೆ. 1912ರಿಂದ ಅಲ್ಲಿಗೆ ಓಡುತ್ತಿರುವ ರೈಲಿಗೆ ಇಂಟರ್‌ಲಾಕನ್‌ನಿಂದ ಹೋಗಿಬರುವ ಪೂರ್ಣ ದರ 200 ಫ್ರಾಂಕ್ ಮೀರುತ್ತದೆ. ಪಾಸ್ ಇದ್ದವರಿಗೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ ಉಚಿತ. ಅಲ್ಲಿಂದ ಮೇಲಕ್ಕೆ ಶೇ 25ರ ರಿಯಾಯಿತಿ ಅಷ್ಟೆ. ಹಾಫ್ ಫೇರ್ ಕಾರ್ಡಿಗೆ ಕೊನೆಯವರೆಗೂ ಅರ್ಧ ದರ. ಒಂದೆರಡು ಊರಲ್ಲಿ ನೆಲೆ ನಿಂತು ದೊಡ್ಡ ಶಿಖರ ಹತ್ತುವವರಿಗೆ ಕಾರ್ಡ್ ಒಪ್ಪುತ್ತದೆ. ದಿನಕ್ಕೊಂದು ಊರು ಬದಲಿಸುತ್ತ ರೈಲು, ದೋಣಿ, ಬಸ್ಸು ಎಲ್ಲವನ್ನೂ ಹತ್ತಿಳಿಯುವವರಿಗೆ ಪಾಸ್ ಒಪ್ಪುತ್ತದೆ.

ಪಾಸ್ ಕೊಂಡರೆ ದಿನಗಳನ್ನು ಜೋಡಿಸುವುದರಲ್ಲೂ ಜಾಣತನ ಬೇಕು. ಅದರ ದಿನಗಳು ಬಿಡುವಿಲ್ಲದೆ ಸಾಲಾಗಿ ಎಣಿಕೆಯಾಗುತ್ತವೆ. ಆದ್ದರಿಂದ ದೂರದ ಪ್ರಯಾಣಗಳನ್ನೆಲ್ಲ ಒಟ್ಟಿಗೆ ಇಟ್ಟು, ವಿಶ್ರಾಂತಿಯ ದಿನಗಳನ್ನು ಪಾಸಿನ ಹೊರಗೆ ತಳ್ಳಬೇಕು. ಆ ದಿನಗಳಿಗೆ ಬೇರೆ ಆಸರೆಗಳಿವೆ: ಬರ್ನ್ ಮತ್ತು ಬಾಸೆಲ್‌ನ ಹೋಟೆಲುಗಳಲ್ಲಿ ತಂಗಿದವರಿಗೆ ನಗರ ಸಾರಿಗೆ ಉಚಿತ, ದಕ್ಷಿಣದ ಟಿಚಿನೊ ಪ್ರಾಂತ್ಯದಲ್ಲಿ ಟಿಚಿನೊ ಟಿಕೆಟ್ ಹಿಡಿದ ಅತಿಥಿಗಳು ಪ್ರಾಂತ್ಯವಿಡೀ ರೈಲು, ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡಬಹುದು. ಇನ್ನು ಅವಧಿ ಎರಡು ವಾರ ಎಂದಾದರೆ, 2025ರಲ್ಲಿ ಎಂಟು ದಿನದ ಪಾಸಿಗೆ 419 ಇದ್ದಾಗ ಹದಿನೈದು ದಿನದ್ದಕ್ಕೆ 459 ಇತ್ತು. ನಲವತ್ತು ಫ್ರಾಂಕಿಗೆ ಇನ್ನೂ ಏಳು ದಿನ!

ಪ್ರಯಾಣದ ದಿನವೂ ಗಂಟೆಯೂ ಮೊದಲೇ ಖಚಿತವಿದ್ದರೆ ಸೂಪರ್‌ಸೇವರ್ ಟಿಕೆಟ್ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಆದರೆ ಅದು ಒಂದೇ ರೈಲಿಗೆ ಕಟ್ಟುಬಿದ್ದದ್ದು. ಊಟ ಮುಗಿಸದ ಮಗುವನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮಿನತ್ತ ಓಡುವ ಧಾವಂತ ಬೇಡವೆನ್ನುವ ಕುಟುಂಬ ಇದನ್ನು ವಿಮಾನ ನಿಲ್ದಾಣದಿಂದ ಹೊರಡುವ ಮೊದಲ ಪ್ರಯಾಣಕ್ಕೆ ಬಳಸದಿರುವುದೇ ಮೇಲು. ವಿಮಾನ ತಡವಾದರೆ ಟಿಕೆಟ್ ಹೋದಂತೆಯೇ.

ಹೆಸರಾಂತ ಗ್ಲೇಸಿಯರ್ ಎಕ್ಸ್‌ಪ್ರೆಸ್ ಮತ್ತು ಬರ್ನಿನಾ ಎಕ್ಸ್‌ಪ್ರೆಸ್ ವಿಷಯದಲ್ಲಿ ಪೂರ್ವಯೋಚನೆ ಇನ್ನೂ ಮುಖ್ಯ. ಪಾಸ್ ಇದ್ದರೂ ಅವುಗಳಲ್ಲಿ ಸೀಟು ಕಾಯ್ದಿರಿಸಲೇಬೇಕು; ಆ ಶುಲ್ಕ ತಲೆಗೊಂದರಂತೆ ಬೇರೆಯೇ ಬೀಳುತ್ತದೆ. ಬರ್ನಿನಾ ಎಕ್ಸ್‌ಪ್ರೆಸ್ ಓಡುವ ಹಳಿಯ ಮೇಲೆಯೇ ಸಾಧಾರಣ ಪ್ರಾದೇಶಿಕ ರೈಲುಗಳೂ ಓಡುತ್ತವೆ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅವೇ ಸೇತುವೆಗಳು, ಅವೇ ಸುರಂಗಗಳು, ಅವೇ ಹಿಮನದಿಗಳು. ಕಾಯ್ದಿರಿಸುವ ಶುಲ್ಕವಿಲ್ಲ. ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಿ ಗಾಳಿಗೆ ಮುಖವೊಡ್ಡಬಹುದು, ಗಾಜಿನ ಪ್ರತಿಫಲನವಿಲ್ಲದೆ ಫೋಟೊ ತೆಗೆಯಬಹುದು. ಇಷ್ಟವಾದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲು ಹಿಡಿಯುವ ಸ್ವಾತಂತ್ರ್ಯವೂ ಉಂಟು.

ಪಾಸ್ ಅಥವಾ ಹಾಫ್ ಫೇರ್ ಕಾರ್ಡ್ ಕೊಳ್ಳುವಾಗಲೇ ಮಕ್ಕಳ ಹೆಸರು, ಜನ್ಮದಿನಾಂಕ ಕೊಟ್ಟು ಫ್ಯಾಮಿಲಿ ಕಾರ್ಡನ್ನು ಜೊತೆಯಲ್ಲೇ ಕೇಳಿ ಪಡೆಯಬೇಕು. ರೈಲಿನಲ್ಲಿ ಟಿಕೆಟ್ ತಪಾಸಣೆಗೆ ಬಂದಾಗ ವಯಸ್ಸಿಗೆ ಪುರಾವೆ ಪಾಸ್‌ಪೋರ್ಟೇ ಆಗಿರುವುದರಿಂದ ಅದನ್ನು ಮೇಲಿನ ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.